ತಾರೀಖಿಲ್ಲದ ಕಾಗದಗಳಿಗೆ ವರ್ಷ ಹುಡುಕಿದ ಬಗೆ

ಕಾಲೇಜು ಗ್ರಂಥಾಲಯವೊಂದರ ಹಸ್ತಪ್ರತಿ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ಶಿರಸಿ ಸೀಮೆಯ ಅಡಿಕೆ ತೋಟದ ಮನೆತನವೊಂದು ಮೂರು ತಲೆಮಾರಿನ ಕಾಗದ, ದಿನಚರಿ, ಲೆಕ್ಕದ ಪುಸ್ತಕಗಳನ್ನೆಲ್ಲ ನಮಗೆ ಒಪ್ಪಿಸಿತು. ದಿನಚರಿಗಳದ್ದು ತೊಂದರೆಯಿರಲಿಲ್ಲ, ಪುಟದ ಮೇಲೇ ತಾರೀಖು ಅಚ್ಚಾಗಿತ್ತು. ಕಷ್ಟ ಕೊಟ್ಟದ್ದು ಕಾಗದಗಳು. ಅರ್ಧಕ್ಕೂ ಹೆಚ್ಚಿನವಕ್ಕೆ ವರ್ಷವೇ ಇಲ್ಲ. ಮೇಲೆ ‘ಶ್ರೀ’, ಒಂದು ತಿಥಿ, ಒಂದು ವಾರ, ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರು. ಕೊನೆಯಲ್ಲಿ ಹೆಸರೂ ಇಲ್ಲ, ‘ನಿನ್ನ ಆಯಿ’ ಎಂದಷ್ಟೇ. ಬರೆದವರಿಗೂ ಓದುವವರಿಗೂ ಅಷ್ಟು ಸಾಕಿತ್ತು. ಎಪ್ಪತ್ತು ಎಂಬತ್ತು ವರ್ಷದ ಮೇಲೆ ಅದನ್ನು ಬಿಡಿಸುವ ನನಗೆ ಸಾಲದು.

ಹಳೆಯ ಮನೆಗಳಲ್ಲಿ ಓದಿದ ಕಾಗದವನ್ನು ಕೊಕ್ಕೆಯಿರುವ ಉದ್ದ ತಂತಿಗೆ ಚುಚ್ಚಿ ನೇತುಹಾಕುತ್ತಿದ್ದರು. ಈ ಮನೆಯಲ್ಲೂ ಹಾಗೆಯೇ. ಎಲ್ಲಕ್ಕಿಂತ ಕೆಳಗಿನದು ಹಳೆಯದು, ಮೇಲಿನದು ಇತ್ತೀಚಿನದು. ನನ್ನ ಕೈಗೆ ಸಿಕ್ಕ ಅತಿ ದೊಡ್ಡ ಸುಳಿವು ಇದೇ. ಆದ್ದರಿಂದ ಒಂದು ಕಾಗದವನ್ನೂ ಕಳಚುವ ಮೊದಲು ತಂತಿಯಲ್ಲಿದ್ದ ಹಾಗೇ ಫೋಟೊ ತೆಗೆದೆ. ಆಮೇಲೆ ಕೊಕ್ಕೆಯ ತುದಿ ಕತ್ತರಿಸಿ ಒಂದೊಂದಾಗಿ ಹೊರಗೆಳೆದು, ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಸಂಖ್ಯೆ ಹಾಕಿದೆ. ತಾರೀಖಿಲ್ಲದ ಕಾಗದವೊಂದು ತಾರೀಖಿರುವ ಎರಡು ಕಾಗದಗಳ ನಡುವೆ ಸಿಕ್ಕರೆ ಅದರ ಕಾಲ ಬಹುಪಾಲು ಗೊತ್ತಾದಂತೆಯೇ. ಮನೆಯವರು ಅಕ್ಕರೆಯಿಂದ ‘ಅಜ್ಜನ ಪತ್ರ ಬೇರೆ, ಅತ್ತೆಯ ಪತ್ರ ಬೇರೆ’ ಎಂದು ವಿಂಗಡಿಸಿ ಕೊಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಬಂದ ಕ್ರಮ ಒಮ್ಮೆ ಕೆಟ್ಟರೆ ಮತ್ತೆ ಯಾರಿಗೂ ಕೂಡಿಸಲು ಬರುವುದಿಲ್ಲ.

ತಂತಿಯಿಂದ ಜಾರಿ ಬಿದ್ದು ಪೆಟ್ಟಿಗೆಯ ತಳ ಸೇರಿದ್ದವಕ್ಕೆ ಬೇರೆ ದಾರಿ ಬೇಕಾಯಿತು. ಮೊದಲು ಅಂಚೆಯ ಕಡೆಯ ಗುರುತುಗಳು. ಠಸೆ ಓದಲು ಬಂದರೆ ಕೆಲಸ ಮುಗಿಯಿತು, ಆದರೆ ನಮ್ಮ ಮಲೆನಾಡಿನ ಮಳೆಗೆ ಠಸೆಯ ಮಸಿ ಹರಡಿರುತ್ತದೆ. ಆಗ ಕಾಗದದ ಜಾತಿ ನೋಡುತ್ತೇನೆ. ಇನ್‌ಲ್ಯಾಂಡ್ ಪತ್ರ ಬಂದದ್ದು 1950ರ ಅಕ್ಟೋಬರಿನಲ್ಲಿ, ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಅಂಚೆಚೀಟಿಯ ಬೆಲೆ ಆಣೆಯಲ್ಲಿದ್ದರೆ ಆ ಚೀಟಿ ಅಚ್ಚಾದದ್ದು 1957ರ ಏಪ್ರಿಲಿಗೆ ಮೊದಲು. ‘ನಯಾ ಪೈಸೆ’ ಎಂದಿದ್ದರೆ ಅಲ್ಲಿಂದ 1964ರ ನಡುವಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು, ‘ಕರ್ನಾಟಕ ರಾಜ್ಯ’ ಎಂದಿದ್ದರೆ 1973ರ ನವೆಂಬರಿನ ಈಚಿನದು. ಆದರೆ ಇದನ್ನು ತಿರುಗಿಸಿ ಹೇಳುವಂತಿಲ್ಲ. ಉತ್ತರ ಕನ್ನಡ 1956ರ ನವೆಂಬರಿನಲ್ಲೇ ಮೈಸೂರು ರಾಜ್ಯಕ್ಕೆ ಸೇರಿದರೂ, ವಿಳಾಸದಲ್ಲಿ ‘ಮುಂಬಯಿ ರಾಜ್ಯ’ ಎಂದೇ ಬರೆಯುತ್ತಿದ್ದ ಹಿರಿಯರಿದ್ದರು. ಕೈಗೆ ಹತ್ತಿದ ರೂಢಿ ಸರ್ಕಾರದ ಆದೇಶದೊಂದಿಗೆ ಬದಲಾಗುವುದಿಲ್ಲ. ಪಿನ್‌ಕೋಡ್ ಇಲ್ಲವೆಂದು 1972ಕ್ಕೆ ಹಿಂದಿನದು ಎನ್ನುವುದೂ ಅಷ್ಟೇ ಅಪಾಯ.

ಎರಡನೆಯದು ಪಂಚಾಂಗ. ಸಂವತ್ಸರದ ಹೆಸರಿದ್ದರೆ ಸುಲಭ, ಅರವತ್ತು ವರ್ಷಕ್ಕೊಮ್ಮೆ ಮಾತ್ರ ಅದೇ ಹೆಸರು ಬರುತ್ತದೆ. ಪಾರ್ಥಿವ ಎಂದರೆ 1945–46, ಇಲ್ಲವೇ 2005–06. ಗೊಂದಲವಿಲ್ಲ. ಬರೀ ತಿಥಿ ಇದ್ದಾಗಲೇ ನಿಜವಾದ ಕೆಲಸ. ತಾಯಿ ಮಗನಿಗೆ ಬರೆದ ಒಂದು ಕಾಗದವಂತೂ ನನ್ನನ್ನು ಬಹಳ ದಿನ ಹಿಡಿದಿಟ್ಟಿತು. ‘ಅಧಿಕ ಶ್ರಾವಣ’ ಎಂದು ಮಾತ್ರ ಇದೆ. ಅಪೂಪ ದಾನಕ್ಕೆ ಮೂವತ್ತಮೂರು ಅಪ್ಪ ಕರೆಯಬೇಕು, ಬೆಲ್ಲ ಇದೆ, ಒಳ್ಳೆಯ ಅಕ್ಕಿ ಇಲ್ಲ, ರೇಷನ್ ಅಕ್ಕಿ ಮುಗ್ಗಲು ಎಂದು ಬರೆದಿದ್ದಾರೆ. ಲಕೋಟೆಯ ಮೇಲಿನ ಅಂಚೆಚೀಟಿಯಲ್ಲಿ ಆರನೇ ಜಾರ್ಜ್ ದೊರೆಯ ತಲೆ. ಅಧಿಕ ಶ್ರಾವಣ ಅಪರೂಪಕ್ಕೆ ಬರುವಂಥದ್ದು. ಆ ದೊರೆಯ ಚೀಟಿಗಳ ಕಾಲದಲ್ಲಿ ಅದು ಬಂದದ್ದು 1939ರಲ್ಲಿ ಮತ್ತು 1947ರಲ್ಲಿ. ರೇಷನ್ ಶುರುವಾದದ್ದು ಯುದ್ಧದ ನಡುವೆ, ಆದ್ದರಿಂದ 1939 ಬಿಟ್ಟುಹೋಯಿತು. ಉಳಿದದ್ದು 1947ರ ಜುಲೈ–ಆಗಸ್ಟ್. ಸ್ವಾತಂತ್ರ್ಯ ಬಂದದ್ದೂ ಅದೇ ಅಧಿಕ ಮಾಸದಲ್ಲಿ. ಚೀಟಿಯಾಗಲಿ, ಮಾಸವಾಗಲಿ, ಅಕ್ಕಿಯಾಗಲಿ ಒಂಟಿಯಾಗಿ ಏನನ್ನೂ ಹೇಳುತ್ತಿರಲಿಲ್ಲ. ಲಕೋಟೆಯನ್ನು ಕಾಗದದಿಂದ ಬೇರೆ ಮಾಡಬಾರದೆಂದು ನಾನು ಹಠ ಹಿಡಿಯುವುದು ಇದಕ್ಕೇ. ಚೀಟಿ ಸಂಗ್ರಹದ ಆಸೆಗೆ ಮೂಲೆ ಕತ್ತರಿಸಿದ ಲಕೋಟೆ ಕಂಡರೆ ಸಂಕಟವಾಗುತ್ತದೆ.

ಈ ಕಟ್ಟಿನಲ್ಲಿ ಸಾವಿನ ಕಾಗದ ಒಂದೂ ಇಲ್ಲ. ಇರುವುದೂ ಇಲ್ಲ. ಅಶುಭ ವಾರ್ತೆಯ ಕಾಗದವನ್ನು ಓದಿದ ಕೂಡಲೇ ಹರಿದು ಬಿಸಾಡುವುದು ನಮ್ಮ ಕಡೆಯ ಪದ್ಧತಿ, ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಮದುವೆ, ಉಪನಯನದ ಕರೆಯೋಲೆಗಳು ಮಾತ್ರ ಮೂಲೆಗೆ ಹಚ್ಚಿದ ಅರಿಸಿನ ಕುಂಕುಮದೊಂದಿಗೆ ಹಾಗೇ ಉಳಿದಿವೆ (ಆ ಅರಿಸಿನವನ್ನು ಕಲೆಯೆಂದು ಒರೆಸಬೇಡಿ, ಅದೂ ದಾಖಲೆಯೇ). ಹಾಗಾದರೆ ಸಾವು ಯಾವಾಗ ಆಯಿತೆಂದು ತಿಳಿಯುವುದು ಹೇಗೆ? ಒಕ್ಕಣೆಯಿಂದ. ಈ ಮನೆಯ ಹಿರಿಯ ಅತ್ತಿಗೆಗೆ ಬಂದ ಕಾಗದಗಳಲ್ಲಿ ಹೆಸರಿನ ಹಿಂದೆ ವರ್ಷಗಟ್ಟಲೆ ‘ಸೌ.’ ಇದೆ. ತಂತಿಯಲ್ಲಿ ಒಂದು ಜಾಗದಿಂದಾಚೆ ಅದು ‘ಗಂ. ಭಾ.’ ಆಗುತ್ತದೆ, ಗಂಗಾಭಾಗೀರಥಿ ಸಮಾನರಾದ ಎಂದು. ಗಂಡ ತೀರಿಕೊಂಡದ್ದು ಆ ಎರಡು ಕಾಗದಗಳ ನಡುವೆ. ಮನೆಯವರು ಕೇಳಿ ತಿಳಿದಿದ್ದ ವರ್ಷಕ್ಕೂ ಇದಕ್ಕೂ ಹೊಂದಿತು.

ನನಗೆ ಅಷ್ಟಾಗಿ ಬಾರದ್ದು ಮೋಡಿ ಲಿಪಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹ. ಲೆಕ್ಕದ ಹಳೆಯ ಪುಸ್ತಕಗಳು ಮೋಡಿಯಲ್ಲಿದ್ದವು, ಓದಬಲ್ಲ ಹಿರಿಯರೊಬ್ಬರನ್ನು ಕೂರಿಸಿಕೊಂಡು ಬರೆದುಕೊಂಡೆ. ಅಡಿಕೆ ಮಾರಿದ್ದು, ಆಳಿಗೆ ಕೊಟ್ಟದ್ದರ ನಡುವೆ ‘ಟಪಾಲು ಖರ್ಚು’ ಎಂಬ ನಮೂದು ಆಗಾಗ ಬರುತ್ತದೆ. ಯಾರಿಗೆ ಕಾಗದ ಹಾಕಿದ್ದೆಂದೂ ಪಕ್ಕದಲ್ಲಿದೆ. ಈ ಮನೆಯಿಂದ ಹೊರಟ ಕಾಗದಗಳು ಈ ಮನೆಯಲ್ಲಿಲ್ಲ, ಸಹಜವೇ. ಅವು ಹೊರಟ ದಿನ ಮಾತ್ರ ಲೆಕ್ಕದಲ್ಲಿ ಉಳಿದಿದೆ. ‘ನಿನ್ನ ಕಾಗದ ಮೊನ್ನೆ ಮುಟ್ಟಿತು’ ಎಂದು ಮುಂಬಯಿಯಿಂದ ಬಂದ ಉತ್ತರಕ್ಕೆ ಅದರಿಂದ ತಾರೀಖು ಸಿಕ್ಕಿತು.

ಹೀಗೆ ಊಹಿಸಿದ ತಾರೀಖನ್ನು ಪಟ್ಟಿಯಲ್ಲಿ ಚೌಕ ಕಂಸದೊಳಗೆ ಹಾಕುತ್ತೇವೆ, ಕಾಗದದ ಮೇಲೇ ಇದ್ದದ್ದನ್ನು ಕಂಸವಿಲ್ಲದೆ. ಊಹೆಯ ಕಾರಣವನ್ನೂ ಪಕ್ಕದಲ್ಲಿ ಬರೆಯುತ್ತೇನೆ. ನಾಳೆ ಇನ್ನೊಬ್ಬರು ಬಂದು ಅದನ್ನು ಒಡೆಯಲಿಕ್ಕೂ ಅವಕಾಶವಿರಬೇಕು.

ಆಸ್ತಿ ಪಾಲಿನ ಜಗಳದ ಕೆಲವು ಕಾಗದಗಳನ್ನು ಮನೆಯವರು ಹಿಂದಕ್ಕೆ ತೆಗೆದುಕೊಳ್ಳಲು ಯೋಚಿಸಿದ್ದರು. ತೆಗೆಯಬೇಡಿ, ಮುಚ್ಚಿಡೋಣ ಎಂದೆ. ಇಂತಿಷ್ಟು ವರ್ಷ ಯಾರಿಗೂ ತೋರಿಸುವುದಿಲ್ಲವೆಂದು ಒಪ್ಪಂದದಲ್ಲಿ ಬರೆದುಕೊಂಡೆವು. ಇನ್ನೊಂದು ಮಾತನ್ನೂ ಅವರಿಗೆ ತಿಳಿಸಬೇಕಾಯಿತು: ಬಂದ ಕಾಗದದ ಹಾಳೆ ಮನೆಯವರದ್ದು, ಅದರೊಳಗಿನ ಬರಹದ ಹಕ್ಕು ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ಆದ್ದರಿಂದ ಗ್ರಂಥಾಲಯದಲ್ಲಿ ಕುಳಿತು ಓದಲು ಕೊಡುತ್ತೇವೆ, ಇಡೀ ಕಾಗದ ಅಚ್ಚು ಮಾಡಬೇಕೆಂದವರಿಗೆ ಆ ವಾರಸುದಾರರ ಒಪ್ಪಿಗೆ ತನ್ನಿ ಎನ್ನುತ್ತೇವೆ.

ವರ್ಷ ಸಿಗದ ಕಾಗದಗಳು ಇನ್ನೂ ಇವೆ. ಅವನ್ನು ಬಲವಂತದಿಂದ ಯಾವ ವರ್ಷಕ್ಕೂ ಸೇರಿಸಿಲ್ಲ. ಪೆಟ್ಟಿಗೆಯಲ್ಲಿ ಸಿಕ್ಕ ಜಾಗದ ಸಂಖ್ಯೆಯೊಂದಿಗೆ ಬೇರೆ ಕಡತದಲ್ಲಿಟ್ಟಿದ್ದೇನೆ. ಆ ಕಾಲದ ಹಳೆಯ ಪಂಚಾಂಗಗಳು ಯಾರ ಮನೆಯಲ್ಲಾದರೂ ಇದ್ದರೆ, ಹುಳು ಹಿಡಿದದ್ದಾದರೂ ಸರಿ, ನಮ್ಮ ಗ್ರಂಥಾಲಯಕ್ಕೆ ಬೇಕು.