ಬ್ಲೂ ಮೌಂಟನ್ಸ್ ಚಾರಣದಲ್ಲಿ ಸ್ಥಳೀಯ ಸಸ್ಯಗಳನ್ನು ಗುರುತಿಸುವ ಬಗೆ

ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಬೆಟ್ಟಗಳಲ್ಲಿ ನಡೆಯುವವರು ಹೂವಿಗಾಗಿ ಕಾಯದೆ, ವರ್ಷವಿಡೀ ಕಣ್ಣಿಗೆ ಬೀಳುವ ತೊಗಟೆ, ಎಲೆ ಮತ್ತು ಕಾಯಿಗಳಿಂದ ಸಸ್ಯಗಳ ಗುರುತನ್ನು ಆರಂಭಿಸುವುದು ಒಳ್ಳೆಯದು.

ನಾವು ನೀಲಗಿರಿ ಎಂದು ಕರೆಯುವ ಯೂಕಲಿಪ್ಟಸ್ ಗುಂಪಿನ 90ರಷ್ಟು ಬಗೆಗಳು, 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪ್ರದೇಶದಲ್ಲಿರುವುದರಿಂದ, ಎಲೆಯೊಂದನ್ನೇ ನೋಡಿ ಜಾತಿಯನ್ನು ನಿರ್ಧರಿಸಬಾರದು. ನುಣುಪಾದ ಬಿಳಿಚಿದ ಕಾಂಡದ ಮೇಲೆ ಮಕ್ಕಳು ಗೀಚಿದಂತಹ ಅಂಕುಡೊಂಕು ಗೆರೆಗಳಿದ್ದರೆ ಅದು ಬಹುಮಟ್ಟಿಗೆ ಸ್ಕ್ರಿಬ್ಲಿ ಗಮ್. ತೊಗಟೆಯೊಳಗೆ ಕೊರೆಯುತ್ತ ಸಾಗಿದ ಪತಂಗದ ಮರಿಹುಳು ಬಿಟ್ಟುಹೋದ ಜಾಡು ಅದು. ಇಷ್ಟು ಸೊಗಸಾದ ಗುರುತು ಬೇರೆ ಮರಗಳಲ್ಲಿ ಸಿಗುವುದು ಅಪರೂಪ.

ಬ್ಯಾಂಕ್ಸಿಯಾ ಗಿಡದಲ್ಲಿ ಒಣಗಿದ ತೆನೆಯ ಮೇಲೆ ತುಟಿ ತೆರೆದಂತೆ ಕಾಣುವ ಗಟ್ಟಿ ಬೀಜಕೋಶಗಳಿರುತ್ತವೆ. ಅಗಲವಾದ ಎಲೆಯ ಅಂಚು ಗರಗಸದಂತಿದ್ದರೆ ಸೆರ್ರಾಟಾ ಎಂಬ ಜಾತಿ, ಎಲೆಗಳು 2 ಸೆಂಟಿಮೀಟರ್ ಮೀರದೆ ಒತ್ತಾಗಿದ್ದರೆ ಎರಿಸಿಫೋಲಿಯಾ ಎಂದು ಊಹಿಸಬಹುದು.

ಮಲೆನಾಡಿನ ನೆಡುತೋಪುಗಳ ಅಕೇಶಿಯಾವನ್ನು ಕಂಡವರಿಗೆ ಅದೇ ಕುಲಕ್ಕೆ ಸೇರಿದ ಇಲ್ಲಿನ ವಾಟಲ್ ಸುಲಭವಾಗಿ ಅರ್ಥವಾಗುತ್ತದೆ. ಹಲವು ವಾಟಲ್‌ಗಳಲ್ಲಿಯೂ ಎಲೆಯೆಂದು ತೋರುವುದು ಚಪ್ಪಟೆಯಾದ ತೊಟ್ಟು. ಗರಿಯಂತಹ ನಿಜವಾದ ಎಲೆಗಳನ್ನು ಎಳೆಯ ಸಸಿಗಳಲ್ಲಿ ಹುಡುಕಬೇಕು.

ನ್ಯೂ ಸೌತ್ ವೇಲ್ಸ್ ರಾಜ್ಯದ ಲಾಂಛನವಾದ ಕೆಂಪು ವಾರಾಟಾ ಹೂವನ್ನು ನೋಡಲು ಅಲ್ಲಿನ ವಸಂತಕಾಲವಾದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಹೋಗಬೇಕು. ರಾಷ್ಟ್ರೀಯ ಉದ್ಯಾನದಲ್ಲಿ ಗಿಡ ಕೀಳುವುದಕ್ಕೆ ನಿಷೇಧವಿರುವುದರಿಂದ, ಇಡೀ ಗಿಡ, ಎಲೆಯ ಎರಡೂ ಬದಿ, ತೊಗಟೆ ಮತ್ತು ಕಾಯಿಗಳ ಚಿತ್ರ ತೆಗೆದುಕೊಂಡು ಮನೆಯಲ್ಲಿ ಹೋಲಿಸಿ ನೋಡಿರಿ.