ಹಳೇ ಗ್ರಾಫಿಕ್ಸ್ ಕಾರ್ಡ್ ಬದಲಿಸೋಕೆ ಮುಂಚೆ ನಾನು ನೋಡಿದ್ದು

ಪಿಸಿಯಲ್ಲಿ ಆಟಗಳ ಚಿತ್ರ ಬಿಡಿಸೋದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ನನ್ನ ಹತ್ತಿರ ಇದ್ದದ್ದು ಎನ್‌ವಿಡಿಯಾ ಜಿಟಿಎಕ್ಸ್ 1060, 6 ಜಿಬಿಯದು. 2016ರಲ್ಲಿ ಬಿಡುಗಡೆಯಾದ ಕಾರ್ಡ್. ಜೊತೆಗೆ ಐ5-8400 ಪ್ರೊಸೆಸರ್, ಬಿ360 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್, 450 ವಾಟ್ ಎಸ್‌ಎಂಪಿಎಸ್ (ಪಿಸಿಯೊಳಗೆ ಕರೆಂಟ್ ಹಂಚೋ ಡಬ್ಬಿ), 1080ಪಿ 60 ಹರ್ಟ್ಸ್ ಮಾನಿಟರ್. ಮೇಜಿನ ಕೆಳಗೆ 600 ವಿಎ ಯುಪಿಎಸ್. ಇಷ್ಟನ್ನೂ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಕೊನೆಗೆ ಯಾವ ಕಾರ್ಡ್ ಅಂತ ತೀರ್ಮಾನ ಮಾಡಿದ್ದು ಈ ಸಾಮಾನುಗಳೇ.

ಅಣ್ಣನ ಮಗ ಇಲ್ಲೇ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಮನೆಗೆ ಬಂದಾಗಲೆಲ್ಲ "ಚಿಕ್ಕಪ್ಪ, ಇನ್ನೂ ಇದನ್ನೇ ಇಟ್ಕೊಂಡಿದೀರಲ್ಲ" ಅಂತ ಶುರು ಮಾಡುತ್ತಿದ್ದ. ಅಂಗಡಿಯವರನ್ನು ಕೇಳಿದರೆ ಇನ್ನೊಂದು ಹೆಜ್ಜೆ ಮುಂದೆ: "ಸಾರ್, ಹೊಸ ಪಿಸಿನೇ ಹಾಕಿಸ್ಬಿಡಿ." ಇಬ್ಬರಿಗೂ ಖರ್ಚು ನನ್ನದು ತಾನೇ!

ನಾನು ಮೊದಲು ಮಾಡಿದ್ದು ಅಳತೆ. ಎಂಎಸ್‌ಐ ಆಫ್ಟರ್‌ಬರ್ನರ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಆಟ ಆಡುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು), ಜಿಪಿಯು ಅಂದರೆ ಕಾರ್ಡಿನ ಚಿಪ್ ಬಳಕೆ, ಬಿಸಿ, ಮೆಮೊರಿ ಎಲ್ಲ ತೋರಿಸುತ್ತದೆ. ಸೈಬರ್‌ಪಂಕ್ 2077ರಲ್ಲಿ ಜಿಪಿಯು ಬಳಕೆ 99 ಪರ್ಸೆಂಟಿಗೆ ಅಂಟಿಕೊಂಡಿತ್ತು, ಮೀಡಿಯಂ ಸೆಟ್ಟಿಂಗ್‌ನಲ್ಲೂ ಎಫ್‌ಪಿಎಸ್ ನಲವತ್ತರ ಆಸುಪಾಸು. ಅಲ್ಲಿ ಕಾರ್ಡೇ ಸುಸ್ತಾಗಿದೆ, ಅನುಮಾನವೇ ಬೇಡ. ಆದರೆ ಕೌಂಟರ್ ಸ್ಟ್ರೈಕ್ 2ರಲ್ಲಿ ಕತೆ ಬೇರೆ. ಎಫ್‌ಪಿಎಸ್ ನೂರರ ಮೇಲಿತ್ತು, ಆದರೂ ಗಲಾಟೆ ಜಾಸ್ತಿಯಾದಾಗ ತಟಕ್ಕನೆ ಬೀಳುತ್ತಿತ್ತು. ರೆಸಲ್ಯೂಷನ್ 720ಪಿಗೆ ಇಳಿಸಿ ನೋಡಿದೆ. ಏನೂ ವ್ಯತ್ಯಾಸವಿಲ್ಲ. ಕಾರ್ಡಿನ ಕೆಲಸ ಅರ್ಧಕ್ಕೆ ಇಳಿಸಿದರೂ ವೇಗ ಏರಲಿಲ್ಲ ಅಂದರೆ ತಡೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ಇದೆ ಅಂತ ಲೆಕ್ಕ. ಅಂಥ ಆಟಕ್ಕೆ ಎಷ್ಟು ದುಡ್ಡಿನ ಕಾರ್ಡ್ ಹಾಕಿದರೂ ಅಷ್ಟೇ.

ಹಾಗಾಗಿ ಮೊದಲು ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿದೆ. ಒಂದೇ ರ‍್ಯಾಮ್ ಇದ್ದಾಗ ಮೆಮೊರಿ ಸಿಂಗಲ್ ಚಾನೆಲ್‌ನಲ್ಲಿ ಓಡುತ್ತದೆ, ಜೋಡಿಯಾದರೆ ಡ್ಯುಯಲ್ ಚಾನೆಲ್, ಅಂದರೆ ಮಾಹಿತಿ ಓಡಾಡೋಕೆ ಎರಡು ದಾರಿ. ಆ ತಟಕ್ ಅನ್ನೋದು ಬಹುಮಟ್ಟಿಗೆ ನಿಂತಿತು. ಹಳೇ ಪಿಸಿ ಇರುವವರು ಕಾರ್ಡ್ ಯೋಚನೆಗೆ ಮುಂಚೆ ಇದನ್ನ ಮಾಡಿ ಅಂತ ಯಾರಿಗಾದರೂ ಹೇಳ್ತೀನಿ.

ಆಮೇಲೆ ಬಿಸಿ. ನಮ್ಮೂರಿನ ಏಪ್ರಿಲ್ ಗೊತ್ತಲ್ಲ. ಮಧ್ಯಾಹ್ನ ಆಟ ಶುರು ಮಾಡಿದ ಸ್ವಲ್ಪ ಹೊತ್ತಿಗೇ ಕಾರ್ಡ್ 83 ಡಿಗ್ರಿ ಮುಟ್ಟುತ್ತಿತ್ತು. ಈ ಪೀಳಿಗೆಯ ಕಾರ್ಡುಗಳಿಗೆ ಕಂಪನಿ ಇಟ್ಟಿರೋ ಗುರಿಯೇ 83. ಅದನ್ನು ಮುಟ್ಟಿದ ಕೂಡಲೇ ಕಾರ್ಡ್ ತಾನಾಗಿ ಕ್ಲಾಕ್ ಇಳಿಸಿಕೊಳ್ಳುತ್ತದೆ. ಅಂದರೆ ಕೊಟ್ಟ ದುಡ್ಡಿನ ಪೂರ್ತಿ ವೇಗ ಬೇಸಿಗೆಯಲ್ಲಿ ನನಗೆ ಸಿಗುತ್ತಲೇ ಇರಲಿಲ್ಲ.

ಕಾರ್ಡ್ ಹೊರಗೆ ತೆಗೆದು ಹಾಸಿದ ಪೇಪರ್ ಮೇಲೆ ಮಗುಚಿದೆ. ಫ್ಯಾನಿನ ಕವಚ ಬಿಚ್ಚಿದಾಗ ಹೀಟ್‌ಸಿಂಕ್ ತಗಡುಗಳ ಮೇಲೆ ಬೂದುಬಣ್ಣದ ಕಂಬಳಿ ಹಾಸಿದಂತೆ ಧೂಳು. ಉಗುರಿನಿಂದ ಎತ್ತಿದರೆ ಒಂದೇ ಹಾಳೆಯಾಗಿ ಎದ್ದು ಬಂತು. ಅದರಡಿಯಲ್ಲಿ ಜಿಡ್ಡುಜಿಡ್ಡಾದ ಕರಿ ಮಸಿ. ಮಂಡಕ್ಕಿ ಭಟ್ಟಿ ಕಡೆಯ ಗಾಳಿ ಬೀಸುವ ಮನೆಗಳಲ್ಲಿ ಕಿಟಕಿ ಸರಳು ಒರೆಸಿದವರಿಗೆ ಈ ಮಸಿ ಗೊತ್ತು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಬೇಕು. ಇಲ್ಲದಿದ್ದರೆ ಅದು ಗಿರ್ರನೆ ಸುತ್ತಿ ಬೇರಿಂಗ್ ಹಾಳಾಗಬಹುದು. ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸೋ ಹಳೇ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆ ಆಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಹೊಸ ಪೇಸ್ಟ್ ಹಚ್ಚಿ, ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಬಿಸಿ ಎಪ್ಪತ್ತರ ಹತ್ತಿರಕ್ಕೆ ಇಳಿಯಿತು. ಸದ್ದೂ ಕಡಿಮೆ. ಆ ಬೇಸಿಗೆ ಹೊಸ ಕಾರ್ಡಿನ ಮಾತು ಅಲ್ಲಿಗೇ ಬಿಟ್ಟೆ. ನನ್ನ ಮಾನಿಟರ್ 60 ಹರ್ಟ್ಸ್‌ದು, ಸೆಕೆಂಡಿಗೆ ಅರವತ್ತಕ್ಕಿಂತ ಜಾಸ್ತಿ ಚಿತ್ರ ಅದು ತೋರಿಸುವುದಿಲ್ಲ. ಎಫ್‌ಎಸ್‌ಆರ್ ಅಂತ ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ವೇಗ ಏರಿಸೋ ಸೌಲಭ್ಯ ಹಳೇ ಕಾರ್ಡಲ್ಲೂ ಓಡುತ್ತದೆ, ಅದನ್ನು ಹಾಕಿಕೊಂಡು ಭಾರದ ಆಟಗಳನ್ನೂ ತಳ್ಳಿದೆ.

ಮನಸ್ಸು ಬದಲಾಗಿದ್ದು ಎರಡು ಸುದ್ದಿಯಿಂದ. ಒಂದು, ಹೊಸ ಆಟಗಳು ನಿಧಾನ ಆಗೋದಿರಲಿ, ಹಳೇ ಕಾರ್ಡನ್ನು ಬಾಗಿಲಲ್ಲೇ ನಿಲ್ಲಿಸತೊಡಗಿದವು. 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್, 2025ರ ಮೇ ತಿಂಗಳ ಡೂಮ್: ದ ಡಾರ್ಕ್ ಏಜಸ್, ಎರಡಕ್ಕೂ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕೋದು) ಹಾರ್ಡ್‌ವೇರ್ ಕಡ್ಡಾಯ. 1060ರಲ್ಲಿ ಅದಿಲ್ಲ. ಸೆಟ್ಟಿಂಗ್ ಇಳಿಸಿ ಸುಧಾರಿಸಿಕೊಳ್ಳುವ ಆಟ ಇಲ್ಲಿ ನಡೆಯೋಲ್ಲ. ಎರಡು, 1060 ಸೇರಿದ 10 ಸರಣಿಗೆ ಹೊಸ ಆಟಗಳ ಡ್ರೈವರ್ 2025ರ ಅಕ್ಟೋಬರ್‌ವರೆಗೆ ಮಾತ್ರ, ಆಮೇಲೆ 2028ರ ಅಕ್ಟೋಬರ್ ತನಕ ಬರೀ ಭದ್ರತೆಯ ಅಪ್‌ಡೇಟ್ ಅಂತ ಎನ್‌ವಿಡಿಯಾ ಹೇಳಿತು. ಡೂಮ್ ನನಗೆ ಹುಡುಗಾಟದ ಕಾಲದಿಂದ ಇರುವ ಚಟ. ಇನ್ನೇನು!

ಈಗ ಯಾವ ಕಾರ್ಡ್? ಇಂಟೆಲ್‌ನ ಬಿ580 ಕಣ್ಣಿಗೆ ಬಿದ್ದಿತ್ತು, 12 ಜಿಬಿ ಮೆಮೊರಿ ಬೇರೆ. ಆದರೆ ಆ ಕಾರ್ಡಿಗೆ ರೀಸೈಝಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಮುಟ್ಟೋ ಸೌಲಭ್ಯ) ಬೇಕು, ಪ್ರೊಸೆಸರ್ 10ನೇ ಪೀಳಿಗೆ ಅಥವಾ ಅದಕ್ಕೂ ಹೊಸದಿರಬೇಕು ಅಂತ ಇಂಟೆಲ್ಲೇ ಹೇಳುತ್ತದೆ. ನನ್ನದು 8ನೇ ಪೀಳಿಗೆ. ಕೈಬಿಟ್ಟೆ. ಕಡಿಮೆ ಬೆಲೆಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಸಿಗುತ್ತಿತ್ತು. ಅದಕ್ಕೆ ಇರುವುದು ನಾಲ್ಕೇ ಪಿಸಿಐಇ ಲೇನ್ (ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಮಾಹಿತಿ ದಾರಿ), 4 ಜಿಬಿ ಮೆಮೊರಿ. ನನ್ನದು ಹಳೇ, ನಿಧಾನದ ಪಿಸಿಐಇ 3.0 ಬೋರ್ಡ್, ಅಲ್ಲಿ ಅದು ಇನ್ನೂ ಬಡಕಲಾಗುತ್ತದೆ. ಸೆಕೆಂಡ್ ಹ್ಯಾಂಡ್‌ಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿಗೆ ಹೋಗಬಹುದಿತ್ತು. ಹೋಗುವವರು ಬಿಲ್ ಕೇಳಿ, ಜಿಪಿಯು-ಝಡ್ ಹಾಕಿ ನಕಲಿ ಕಾರ್ಡ್ ಅಲ್ಲ ಅಂತ ನೋಡಿ, ಕಾರ್ಡಿಗೆ ಪೂರ್ತಿ ಭಾರ ಹಾಕೋ ಫರ್‌ಮಾರ್ಕ್ ಸಾಫ್ಟ್‌ವೇರ್ ಕಾಲು ಗಂಟೆಯಾದರೂ ಓಡಿಸಿ ಆಮೇಲೆ ದುಡ್ಡು ಕೊಡಿ. ಏನಾದರೂ ಆದರೆ ಇಲ್ಲಿಂದ ಮತ್ತೆ ಬೆಂಗಳೂರಿಗೆ ಹೊತ್ತುಕೊಂಡು ಹೋಗೋ ಸಂಕಟ ನನಗೆ ಬೇಡವಾಗಿತ್ತು.

ಉಳಿದದ್ದು ಆರ್‌ಟಿಎಕ್ಸ್ 3060 12 ಜಿಬಿ ಮತ್ತು ಆರ್‌ಟಿಎಕ್ಸ್ 4060 8 ಜಿಬಿ. ಮೆಮೊರಿ ನೋಡಿದರೆ 3060 ವಾಸಿ, ಹದಿನಾರು ಲೇನ್ ಇರುವುದರಿಂದ ಹಳೇ ಬೋರ್ಡಿಗೂ ಒಗ್ಗುತ್ತದೆ. ಆದರೆ ಅದು 170 ವಾಟ್ ಎಳೆಯುತ್ತದೆ. 4060 ಎಳೆಯುವುದು 115. ನನ್ನ 1060 ಎಳೆಯುತ್ತಿದ್ದದ್ದೇ 120! ಕಾಗದದ ಮೇಲೆ ಎರಡಕ್ಕೂ 550 ವಾಟ್ ಎಸ್‌ಎಂಪಿಎಸ್ ಅಂತಲೇ ಬರೆದಿದ್ದಾರೆ. ಆದರೆ ಪ್ರೊಸೆಸರ್ 65 ವಾಟಿನದು, ಹಾರ್ಡ್ ಡಿಸ್ಕ್ ಒಂದೇ, ಎಸ್‌ಎಂಪಿಎಸ್ ಒಳ್ಳೇ ಕಂಪನಿಯದು. ಹಳೇ ಕಾರ್ಡಿಗಿಂತ ಕಡಿಮೆ ಎಳೆಯೋದಕ್ಕೆ ಅದು ಸಾಕು ಅಂತ ನನ್ನ ಲೆಕ್ಕ. ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್ ಇರುವವರು ಈ ಲೆಕ್ಕ ಹಾಕಬೇಡಿ. ಇನ್ನು ಯುಪಿಎಸ್. ನನ್ನದು ತಡೆಯೋದು 360 ವಾಟ್, ಮಾನಿಟರ್ ಸೇರಿ. ನಮ್ಮ ಬಡಾವಣೆಯಲ್ಲಿ ಮಳೆ ಶುರುವಾದರೆ ಕರೆಂಟ್ ಹೋಗೋದು ಬರೋದು ಇದ್ದದ್ದೇ. ಆ ಕ್ಷಣಕ್ಕೆ ಯುಪಿಎಸ್ ಕೀಂ ಅಂದು ಕೈಕೊಡಬಾರದು. 55 ವಾಟಿನ ವ್ಯತ್ಯಾಸ ಬೇರೆ ಊರಲ್ಲಿ ಏನೂ ಅಲ್ಲದೇ ಇರಬಹುದು, ನನಗೆ ಅದೇ ಮುಖ್ಯ ಆಯ್ತು.

4060ಕ್ಕೆ ಎಂಟೇ ಲೇನ್ ಇದೆ ಅನ್ನೋದು ಕೊರತೆಯೇ. ಮೆಮೊರಿ ತುಂಬಿದಾಗ ಪಿಸಿಐಇ 3.0ರಲ್ಲಿ ಆ ಕೊರತೆ ಕಾಣುತ್ತದೆ. ಟೆಕ್ಸ್ಚರ್ (ಆಟದೊಳಗಿನ ವಸ್ತುಗಳ ಮೇಲ್ಮೈ ಚಿತ್ರ) ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿ 8 ಜಿಬಿ ಒಳಗೆ ಇಟ್ಟುಕೊಂಡರೆ 1080ಪಿಯಲ್ಲಿ ತೊಂದರೆ ಕಂಡಿಲ್ಲ. ಕ್ಯಾಬಿನೆಟ್ ಒಳಗಿನ ಉದ್ದವನ್ನೂ ಟೇಪಿನಲ್ಲಿ ಅಳೆದೆ. ಹಾರ್ಡ್ ಡಿಸ್ಕ್ ಗೂಡು ಅಡ್ಡ ಬರುವುದರಿಂದ ಮೂರು ಫ್ಯಾನಿನದು ಹಿಡಿಸುತ್ತಿರಲಿಲ್ಲ, ಎರಡು ಫ್ಯಾನಿನದೇ ತರಿಸಿದೆ.

ಸೈಬರ್‌ಪಂಕ್ ಈಗ ಹೈ ಸೆಟ್ಟಿಂಗ್‌ನಲ್ಲಿ ಅರವತ್ತಕ್ಕೆ ನಿಲ್ಲುತ್ತದೆ. ಡೂಮ್ ಓಡುತ್ತದೆ. ಕೌಂಟರ್ ಸ್ಟ್ರೈಕ್ ಮಾತ್ರ ಹೇಗಿತ್ತೋ ಹಾಗೇ ಇದೆ, ಅದು ಮೊದಲೇ ಗೊತ್ತಿದ್ದದ್ದು. 1060 ಮಾರಲಿಲ್ಲ. ಅಣ್ಣನ ಮಗ ತನ್ನ ಪಿಸಿಗೆ ಕಾರ್ಡೇ ಇಲ್ಲದೆ ನನ್ನನ್ನು ಗೇಲಿ ಮಾಡುತ್ತಿದ್ದ ಅಂತ ಆಮೇಲೆ ತಿಳಿಯಿತು. ಅವನಿಗೇ ಕೊಟ್ಟೆ, ವರ್ಷಕ್ಕೊಮ್ಮೆ ಧೂಳು ತೆಗೀಬೇಕು ಅನ್ನೋ ಷರತ್ತಿನ ಮೇಲೆ.