ಟ್ಯಾಂಕಿನಲ್ಲಿ ಉಳಿದ ಮೂರು ಭ್ರೂಣ

ನಾನು ಐವಿಎಫ್ ಲ್ಯಾಬಿನಲ್ಲಿ ಎಂಬ್ರಿಯಾಲಜಿಸ್ಟ್. ಮೊಟ್ಟೆಗೆ ವೀರ್ಯ ಸೇರಿಸಿ ಭ್ರೂಣ ಬೆಳೆಸುವುದು, ಉಳಿದದ್ದನ್ನು ಫ್ರೀಜ್ ಮಾಡಿ ಇಡುವುದು ನನ್ನ ಕೆಲಸ. ಹಾಗೆ ಇಟ್ಟ ಭ್ರೂಣಗಳಿಗೆ ವರ್ಷ ತುಂಬುತ್ತಾ ಬಂದಾಗ ದಂಪತಿಗೆ ಫೋನ್ ಮಾಡಿ "ಮುಂದುವರಿಸ್ತೀರಾ?" ಅಂತ ಕೇಳಬೇಕು. ಮೊದಲೆಲ್ಲ ಇದನ್ನು ರಿಸೆಪ್ಷನ್‌ನವರು ಮಾಡುತ್ತಿದ್ದರು, ಕರೆಂಟ್ ಬಿಲ್ ನೆನಪಿಸಿದ ಹಾಗೆ. ಈಗ ನಾನೇ ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ರಿಸೆಪ್ಷನ್ ಹುಡುಗಿ ರಜೆಯಲ್ಲಿದ್ದಳು. ಒಂದು ಫೋನ್ ನನ್ನ ಪಾಲಿಗೆ ಬಂತು. ಹಾವೇರಿ ಕಡೆಯ ದಂಪತಿ. ಅವರ ಫೈಲ್ ತೆಗೆದು ನೋಡಿದೆ. ಸಿಕ್ಕಿದ ಮೊಟ್ಟೆ 14, ಬಲಿತದ್ದು 11, ಮಾರನೇ ದಿನ ಸರಿಯಾಗಿ ಫಲಿತದ್ದು 8, ಐದನೇ ದಿನ ಬ್ಲಾಸ್ಟೊಸಿಸ್ಟ್ ಹಂತ, ಅಂದರೆ ಗರ್ಭಕೋಶಕ್ಕೆ ಬಿಡುವಷ್ಟು ಬೆಳೆದ ಹಂತ, ಮುಟ್ಟಿದ್ದು 5. ಮೊದಲು ಒಳಗೆ ಬಿಟ್ಟ ಭ್ರೂಣ ನಿಲ್ಲಲಿಲ್ಲ. ಎರಡನೆಯದು ನಿಂತಿತು. ಗಂಡು ಮಗು, ಆಗ ಅವನಿಗೆ ನಾಲ್ಕು ವರ್ಷ. ಉಳಿದ ಮೂರು ನಮ್ಮ ಟ್ಯಾಂಕಿನಲ್ಲಿ, ಲಿಕ್ವಿಡ್ ನೈಟ್ರೋಜನ್ ಒಳಗೆ, ಮೈನಸ್ 196 ಡಿಗ್ರಿಯಲ್ಲಿ.

ನಾನು ಹಣದ ವಿಷಯ ಹೇಳಿ ಮುಗಿಸಿದೆ. ಆ ತಾಯಿ ಮೆಲ್ಲಗೆ ಕೇಳಿದರು, "ಮೇಡಂ, ಅವು ಹೇಗಿವೆ? ಅಷ್ಟು ಚಳೀಲಿ ಏನೂ ಆಗಲ್ವಾ?"

ಐದು ದಿನದ ಭ್ರೂಣ ಅಂದರೆ ನೂರಿನ್ನೂರು ಜೀವಕೋಶ, ನರ ಇನ್ನೂ ಹುಟ್ಟಿಯೇ ಇಲ್ಲ, ಚಳಿ ಗೊತ್ತಾಗುವುದಿಲ್ಲ ಅಂತ ಹೇಳಿದೆ. "ಗೊತ್ತು ಮೇಡಂ. ಆದ್ರೂ ಮಗನಿಗೆ ಸ್ವೆಟರ್ ಹಾಕುವಾಗ ನೆನಪಾಗುತ್ತೆ" ಅಂದರು. ಬಸುರಿಯಾಗಿದ್ದಾಗ ಬಿಪಿ ಜಾಸ್ತಿಯಾಗಿ ಅವರ ಜೀವಕ್ಕೇ ಬಂದಿತ್ತು. ಇನ್ನೊಂದು ಬೇಡ ಅಂತ ಗಂಡ ಹೆಂಡತಿ ಇಬ್ಬರೂ ಆಗಲೇ ತೀರ್ಮಾನ ಮಾಡಿದ್ದರು. ಬೇಡ ಅಂತ ಬರೆದುಕೊಡಲು ಮಾತ್ರ ಕೈ ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ವರ್ಷ ಹಣ ಕಟ್ಟುತ್ತಿದ್ದರು.

ಅವತ್ತು ಸಂಜೆ ಅವರ ಕನ್ಸೆಂಟ್ ಫಾರಂ ತೆಗೆದೆ. ಉಳಿದ ಭ್ರೂಣ ಏನು ಮಾಡಬೇಕು, ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಏನು, ಡಿವೋರ್ಸ್ ಆದರೆ ಏನು, ಎಲ್ಲ ಪ್ರಶ್ನೆಯೂ ಇತ್ತು, ಎಲ್ಲದರ ಎದುರೂ ಒಂದೇ ಪೆನ್ನಿನ ಟಿಕ್ ಇತ್ತು. ತಾರೀಖು ನೋಡಿದೆ. ಮೊಟ್ಟೆ ತೆಗೆದ ದಿನವೇ. ರಾತ್ರಿಯಿಂದ ನೀರೂ ಕುಡಿಯದೆ, ಆಸ್ಪತ್ರೆ ಗೌನ್ ಹಾಕಿಕೊಂಡು, ಕೈಗೆ ಡ್ರಿಪ್ ಸೂಜಿ ಚುಚ್ಚಿಸಿಕೊಂಡು ಕೂತ ಹೆಣ್ಣುಮಗಳ ಮುಂದೆ ನಾವು ಆ ಹಾಳೆ ಇಟ್ಟಿದ್ದೆವು. ಒಂದು ಮಗು ಆದರೆ ಸಾಕು ಅಂತ ಬಂದವರಿಗೆ ಮಿಕ್ಕಿದ್ದರ ಬಗ್ಗೆ ಆ ಹೊತ್ತಲ್ಲಿ ಏನು ತೋಚೀತು? ಸಹಿ ಇತ್ತು, ಒಪ್ಪಿಗೆ ಇರಲಿಲ್ಲ. ತಪ್ಪು ನಮ್ಮದೇ.

ಅಲ್ಲಿಂದ ಕ್ರಮ ಬದಲಾಯಿಸಿದೆ. ಡಾಕ್ಟರ ಜೊತೆ ಮಾತಾಡಿ, ಮೊಟ್ಟೆ ಬೆಳೆಸುವ ಇಂಜೆಕ್ಷನ್ ಶುರುವಾಗುವ ಮೊದಲೇ ದಂಪತಿಯನ್ನು ನನ್ನ ಹತ್ತಿರ ಕಳಿಸಲು ಕೇಳಿಕೊಂಡೆ. ಅರ್ಧ ಗಂಟೆ. ಅತ್ತೆ, ಅಮ್ಮ ಬಂದಿದ್ದರೆ ಹೊರಗೆ ಕೂರಲು ಹೇಳುತ್ತೇನೆ, ಇದಕ್ಕೆ ಬೇಜಾರು ಮಾಡಿಕೊಂಡವರೂ ಇದ್ದಾರೆ. ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಸೊನ್ನೆ ಬರೆಯುತ್ತೇನೆ. ಇಷ್ಟು ಮೊಟ್ಟೆ, ಇಷ್ಟು ಫಲಿಸಬಹುದು, ಇಷ್ಟು ಉಳಿಯಬಹುದು, ಒಂದೂ ಉಳಿಯದೆ ಹೋಗಬಹುದು. ಆಮೇಲೆ ಕೇಳುತ್ತೇನೆ: "ಮಗು ಆಯ್ತು ಅಂತಿಟ್ಟುಕೊಳ್ಳಿ. ಇವು ಮಿಕ್ಕಿವೆ. ಏನು ಅನ್ಸುತ್ತೆ?" ಉತ್ತರ ಅಲ್ಲೇ ಕೊಡಬೇಡಿ ಅಂತಲೂ ಹೇಳುತ್ತೇನೆ. ಫಾರಂ ಮನೆಗೆ ಹೋಗುತ್ತದೆ, ಒಂದು ವಾರ ಬಿಟ್ಟು ಬರುತ್ತದೆ.

ಕಾನೂನನ್ನೂ ಆಗಲೇ ಹೇಳಿಬಿಡುತ್ತೇನೆ. ಐವಿಎಫ್‌ನಂಥ ಚಿಕಿತ್ಸೆಗಳಿಗಾಗಿ ಇರುವ 2021ರ ಎಆರ್‌ಟಿ ಕಾಯ್ದೆಯ ಪ್ರಕಾರ ಭ್ರೂಣವನ್ನು 10 ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಆಮೇಲೆ ಅದನ್ನು ನಶಿಸಲು ಬಿಡಬೇಕು, ಇಲ್ಲವೇ ದಂಪತಿ ಒಪ್ಪಿದರೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. "ನನ್ನ ತಂಗಿಗೆ ಮಕ್ಕಳಿಲ್ಲ, ಅವಳಿಗೆ ಕೊಡ್ಲಾ?" ಅಂತ ಕೇಳುವವರಿದ್ದಾರೆ. ಕೇಳುವಾಗ ಅವರ ಮುಖ ಅರಳಿರುತ್ತದೆ, ಹಾಗೆ ಕೈ ಬದಲಾಯಿಸಲು ಕಾಯ್ದೆ ಬಿಡುವುದಿಲ್ಲ ಅಂತ ಹೇಳಬೇಕಾದಾಗ ನನಗೇ ಸಂಕಟವಾಗುತ್ತದೆ. ಇದರಲ್ಲಿ ಗಂಡು ಯಾವುದು ಅಂತ ಕೇಳುವವರಿಗೆ ಮಾತ್ರ ಮಾತು ಬೆಳೆಸುವುದಿಲ್ಲ. ಅದು ಅಪರಾಧ, ಅಷ್ಟೇ.

ಭ್ರೂಣ ಮಿಗುವುದೇ ಬೇಡ ಅನ್ನುವವರಿಗೆ ಒಂದು ದಾರಿ ಇದೆ. ಎಲ್ಲ ಮೊಟ್ಟೆಗೂ ವೀರ್ಯ ಸೇರಿಸದೆ ಐದೋ ಆರೋ ಮಾತ್ರ ಬಳಸಿ, ಉಳಿದದ್ದನ್ನು ಮೊಟ್ಟೆಯಾಗಿಯೇ ಫ್ರೀಜ್ ಮಾಡಬಹುದು. ಮೊಟ್ಟೆ ಬಿಡುವುದು ಎಷ್ಟೋ ಜನರಿಗೆ ಭ್ರೂಣ ಬಿಟ್ಟಷ್ಟು ಕಷ್ಟ ಅನಿಸುವುದಿಲ್ಲ. ಆದರೆ ಇದಕ್ಕೆ ಬೆಲೆ ಇದೆ. ಒಂದು ಸಲಕ್ಕೆ ಸಿಗುವ ಅವಕಾಶ ಕಡಿಮೆಯಾಗುತ್ತದೆ. 28ರ ಹುಡುಗಿಗೆ, ಮೊಟ್ಟೆ ಚೆನ್ನಾಗಿ ಸಿಕ್ಕಿದ್ದರೆ, ಯೋಚಿಸಿ ಅನ್ನುತ್ತೇನೆ. 38 ಆಗಿ, ಸಿಕ್ಕಿದ್ದೇ ನಾಲ್ಕು ಅನ್ನುವವರಿಗೆ ಬೇಡ ಅಂತ ನೇರವಾಗಿ ಹೇಳುತ್ತೇನೆ.

ಫ್ರೀಜ್ ಮಾಡಿದ್ದು ಅಂದರೆ ಹಳಸಿದ್ದು ಅನ್ನುವ ಭಯವೂ ತುಂಬ ಜನರಿಗಿದೆ. ಅವರಿಗೆ ಕೋಲ್ಕತ್ತಾದ ದುರ್ಗಾ ಕಥೆ ಹೇಳುತ್ತೇನೆ. 1978ರ ಅಕ್ಟೋಬರ್ 3ರಂದು ಹುಟ್ಟಿದ ಆ ಮಗು 53 ದಿನ ಫ್ರೀಜ್ ಆಗಿದ್ದ ಭ್ರೂಣದಿಂದ ಬಂದದ್ದು. ಅದನ್ನು ಮಾಡಿದ ಡಾ. ಸುಭಾಷ್ ಮುಖೋಪಾಧ್ಯಾಯ ಅವರನ್ನು ಆಗ ಯಾರೂ ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ದೇಶದ ಮೊದಲ ಪ್ರಣಾಳ ಶಿಶು ಎಂಬ ಹೆಸರು 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಹರ್ಷಾಗೆ ಹೋಯಿತು. ಆ ಕೆಲಸದಲ್ಲಿದ್ದ ಡಾ. ಟಿ. ಸಿ. ಆನಂದ್ ಕುಮಾರ್ ಅವರೇ ಮುಂದೆ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, 1997ರಲ್ಲಿ, ಮೊದಲಿಗರು ಅವರು, ನಾವಲ್ಲ ಅಂತ ಹೇಳಿದರು. ಈ ಭಾಗ ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಹಾವೇರಿಯ ದಂಪತಿ ಒಂದೂವರೆ ವರ್ಷದ ನಂತರ ಒಟ್ಟಿಗೆ ಬಂದರು. ಅದಕ್ಕೂ ಮೊದಲು ಗಂಡ ಒಬ್ಬರೇ ಬಂದಿದ್ದರು, ಇಬ್ಬರ ಸಹಿಯೂ ಬೇಕು ಅಂತ ವಾಪಸ್ ಕಳಿಸಿದ್ದೆ. ನಾನು ಏನು ಮಾಡುತ್ತೇನೆ ಅಂತ ಬಿಡಿಸಿ ಹೇಳಿದೆ. ಇಬ್ಬರು ನಿಂತು ಹೆಸರು, ನಂಬರ್ ಹೊಂದಿಸಿ ನೋಡುತ್ತೇವೆ, ಭ್ರೂಣವಿರುವ ಸಣ್ಣ ಕೊಳವೆಯನ್ನು, ಅಂದರೆ ಸ್ಟ್ರಾವನ್ನು, ಹೊರಗೆ ತೆಗೆದು ಮೇಜಿನ ಮೇಲೆ ಇಡುತ್ತೇವೆ, ಸಾಮಾನ್ಯ ಬಿಸಿಗೆ ಅದು ಬೇಗ ಮುಗಿಯುತ್ತದೆ. ಆ ತಾಯಿ ಕೇಳಿದ್ದು ಎರಡೇ. ಅಮಾವಾಸ್ಯೆ ದಿನ ಬೇಡ, ಮತ್ತೆ ಎಷ್ಟು ಗಂಟೆಗೆ ಅಂತ ಹೇಳಿ, ಮನೇಲಿ ದೀಪ ಹಚ್ಚುತ್ತೇನೆ.

ಹತ್ತೂವರೆ ಅಂದೆ. ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಲಿಲ್ಲ. ಸಹೋದ್ಯೋಗಿ ಹೆಸರು ಓದಿದರು, ನಾನು ಓದಿದೆ, ಮೂರನ್ನೂ ಇಟ್ಟೆವು. ರಿಜಿಸ್ಟರ್‌ನಲ್ಲಿ ಸಮಯ ಬರೆದು ಇಬ್ಬರೂ ಸಹಿ ಹಾಕಿದೆವು. ಅವರಿಗೆ "ಆಯಿತಮ್ಮ" ಅಂತ ಮೆಸೇಜ್ ಕಳಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಉತ್ತರ ಬಂತು: "ದೀಪ ಇನ್ನೂ ಉರೀತಿದೆ ಮೇಡಂ. ನೀವು ತಿಂಡಿ ತಿಂದ್ರಾ?"